ಪೊರಕೆ ಮಾರುವವಳ ಮಗಳು

ಮಾಂಬಳ್ಳಿಯ ಪುಟ್ಟಬಸಪ್ಪನ ಮನೆಗೆ ಶಿವರತ್ನಮ್ಮ ಎರಡನೆಯ ಹೆಂಡತಿಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮೊದಲನೆಯವಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವಳು ಬಿಟ್ಟುಹೋಗಿದ್ದ, ಚಿಕ್ಕತಾಯಿ ಎಂಬ ಹೆಸರಿನ ಮಗಳಿಗೆ ಆಗ ಆರು ವರ್ಷ. ಮಾತು ಕಡಿಮೆಯ ಕೂಸು. ಬಡಿಸಿದ್ದನ್ನು ಉಣ್ಣುತ್ತಿತ್ತು, ತಲೆ ಬಾಚಲು ಕರೆದರೆ ಬಂದು ಕೂರುತ್ತಿತ್ತು, ಆದರೆ ಶಿವರತ್ನಮ್ಮನನ್ನು 'ಅವ್ವ' ಎಂದು ಒಂದು ದಿನವೂ ಕರೆದಿರಲಿಲ್ಲ. 'ಚಿಕ್ಕವ್ವ' ಎನ್ನುತ್ತಿತ್ತು. ಅದಕ್ಕೆ ಶಿವರತ್ನಮ್ಮನಿಗೆ ಬೇಸರವೇನೂ ಇರಲಿಲ್ಲ. ಎಣ್ಣೆ ಹಚ್ಚಿ ಬಾಚುತ್ತಿದ್ದ ಹಾಗೆ ಕೂಸು ಅವಳ ಮೊಣಕಾಲಿಗೆ ಒರಗಿ ತೂಕಡಿಸುವುದಿತ್ತು. ಅವಳಿಗೆ ಅಷ್ಟೇ ಸಾಕಾಗಿತ್ತು.

ಅದು ಯುದ್ಧದ ಕಾಲ. ರೇಷ್ಮೆಗೆ ಎಲ್ಲಿಲ್ಲದ ಗಿರಾಕಿ ಬಂದು ಊರಿನ ಮುಕ್ಕಾಲು ಮನೆಗಳಲ್ಲಿ ಹುಳು ಸಾಕಿದ್ದರು. ಪುಟ್ಟಬಸಪ್ಪನ ಮನೆಯಲ್ಲೂ ಹುಳು ನಾಲ್ಕನೆಯ ಜ್ವರ ಕಳೆದು ಎದ್ದಿತ್ತು. ಹುಳು ಪೊರೆ ಬಿಡಲು ಮಲಗುವುದಕ್ಕೆ ಆ ಕಡೆ ಜ್ವರವೆಂದೇ ಹೆಸರು. ಆ ಕೊನೆಯ ಜ್ವರದಿಂದ ಎದ್ದ ಹುಳುವಿನ ಹಸಿವು ಹೇಳತೀರದು. ತಟ್ಟೆ ತಟ್ಟೆಗೂ ಹಿಪ್ಪುನೇರಳೆ ಸೊಪ್ಪು ಸುರಿದಷ್ಟೂ ಸಾಲದು. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಮೇಯುವಾಗ ಹೆಂಚಿನ ಮೇಲೆ ಸೋನೆ ಮಳೆ ಹಿಡಿದ ಹಾಗೆ ಸದ್ದಾಗುತ್ತದೆ. ಹಗಲೂ ರಾತ್ರಿ ಆ ಸದ್ದಿನಲ್ಲೇ ಮನೆಯವರು ಉಣ್ಣುವುದು, ಮಲಗುವುದು.

ಆ ದಿನ ಬೆಳಗ್ಗೆ ಪೊರಕೆ ಮಾರುವ ಹೆಂಗಸೊಬ್ಬಳು ಬಂದಳು. ತೆಂಗಿನ ಕಡ್ಡಿಪೊರಕೆಗಳ ಹೊರೆ ಇಳಿಸಿ ಜಗಲಿಯ ಮೇಲೆ ಕೂತು ನೀರು ಕೇಳಿದಳು. ನಲವತ್ತರ ಸುಮಾರಿನವಳು, ಬರಿದಾದ ಹಣೆ, ಕಣ್ಣಿನ ಕೆಳಗೆ ಕಪ್ಪು. ನೀರು ಕುಡಿಯುವಾಗಲೂ ಅವಳ ದೃಷ್ಟಿಯೆಲ್ಲ ಅಂಗಳದಲ್ಲಿದ್ದ ಚಿಕ್ಕತಾಯಿಯ ಮೇಲೆಯೇ ಇತ್ತು.

"ಈ ಕೂಸು ನಿಮ್ದಾ ಅವ್ವ?" ಎಂದು ಶಿವರತ್ನಮ್ಮನನ್ನು ಕೇಳಿದಳು.

ಶಿವರತ್ನಮ್ಮ ಬಾಯಿ ತೆರೆಯುವ ಮೊದಲೇ ಅತ್ತೆ ಗುರುಬಸಮ್ಮ ಒಳಗಿನಿಂದ ಹೇಳಿದಳು: "ತಾಯಿಲ್ಲದ ಕೂಸು ಕಣವ್ವ ಅದು. ಇವ್ಳು ಚಿಕ್ಕವ್ವ."

"ತಾಯಿಲ್ವಾ," ಎಂದಳು ಪೊರಕೆಯವಳು. ಅವಳು ಅದನ್ನು ಹೇಳಿದ್ದು ಇವರಿಗಲ್ಲ. ತಲೆ ತಿರುಗಿಸಿ, ಪಕ್ಕದಲ್ಲಿ ಯಾರೋ ಕೂತಿದ್ದಾರೆ ಎಂಬಂತೆ, ಖಾಲಿ ಜಗಲಿಗೆ ಹೇಳಿದಳು. ಆಮೇಲೆ ಹೊರೆ ಎತ್ತಿಕೊಂಡು ಹೊರಟುಹೋದಳು. ಅವಳು ಹೋದ ಮೇಲೆ ಜಗಲಿಯ ಮೇಲೆ, ಅವಳು ಕೂತಲ್ಲಿ ಅಲ್ಲ, ಅದರ ಪಕ್ಕದಲ್ಲಿ, ನೀರು ಚೆಲ್ಲಿದ ಗುರುತಿತ್ತು. ಚೊಂಬಿನದೇ ಇರಬೇಕೆಂದು ಶಿವರತ್ನಮ್ಮ ಒರೆಸಿದಳು.

ಮಟಮಟ ಮಧ್ಯಾಹ್ನ. ಗಂಡ ಸೊಪ್ಪು ತರಲು ಹೋಗಿದ್ದ. ಅತ್ತೆ ಊಟ ಮಾಡಿ ಅಡ್ಡಾಗಿದ್ದಳು. ಶಿವರತ್ನಮ್ಮ ಹುಳುವಿನ ಕೋಣೆಯಲ್ಲಿ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ಹಿತ್ತಲಿನಲ್ಲಿ ಚಿಕ್ಕತಾಯಿ ಯಾರೊಂದಿಗೋ ಮಾತಾಡುವುದು ಕೇಳುತ್ತಿತ್ತು.

"ಇಲ್ಲ," ಎಂದಿತು ಕೂಸಿನ ದನಿ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಂಗೆ ಅವ್ವ ಇಲ್ಲ."

ಆಗಲೇ ಕೋಣೆಯಲ್ಲಿ ಮಳೆ ನಿಂತಂತಾಯಿತು. ಶಿವರತ್ನಮ್ಮನಿಗೆ ಮೊದಲು ಏನಾಯಿತೆಂದೇ ತಿಳಿಯಲಿಲ್ಲ. ತಟ್ಟೆಗಳ ಕಡೆ ನೋಡಿದರೆ ಒಂದು ಹುಳುವೂ ಮೇಯುತ್ತಿರಲಿಲ್ಲ. ಎಲ್ಲವೂ ತಲೆ ಎತ್ತಿ ಹಿತ್ತಲ ಬಾಗಿಲಿನ ಕಡೆಗೆ ನೆಟ್ಟಗೆ ನಿಂತಿದ್ದವು. ಅವಳು ಕೈಯಲ್ಲಿದ್ದ ಸೊಪ್ಪು ಬಿಸಾಕಿ ಹಿತ್ತಲಿಗೆ ಓಡಿದಳು.

ಅಲ್ಲಿ ಯಾರೂ ಇರಲಿಲ್ಲ. ಸುಡುವ ಮಣ್ಣಿನ ಮೇಲೆ ಒದ್ದೆ ಹೆಜ್ಜೆಗಳಿದ್ದವು, ಪುಟ್ಟವು, ಐದೂ ಬೆರಳು ಮೂಡಿದವು. ಹಿಪ್ಪುನೇರಳೆ ತೋಟದಿಂದ ಚಿಕ್ಕತಾಯಿ ಕೂತಿದ್ದ ಕಲ್ಲಿನವರೆಗೆ ಬಂದು ಅಲ್ಲಿಂದ ಮತ್ತೆ ತೋಟಕ್ಕೇ ಹೋಗಿದ್ದವು. ಹೋಗುವ ಹೆಜ್ಜೆಗಳ ಪಕ್ಕದಲ್ಲಿ ಇನ್ನೊಂದು ಜೊತೆ, ಒಣ ಹೆಜ್ಜೆಗಳು, ಚಿಕ್ಕತಾಯಿಯವು. ಶಿವರತ್ನಮ್ಮ ಹೆಸರು ಕೂಗುತ್ತ ತೋಟಕ್ಕೆ ನುಗ್ಗಿದಳು. ನೋಡುತ್ತಿದ್ದ ಹಾಗೇ ಒದ್ದೆ ಹೆಜ್ಜೆಗಳು ಬಿಸಿಲಿಗೆ ಆರಿಹೋದವು. ಸಾಲಿನ ಕೊನೆಯ ಗಟ್ಟಿ ನೆಲದಲ್ಲಿ ಮತ್ತಾವ ಗುರುತೂ ಇರಲಿಲ್ಲ.

ಊರು ಊರೇ ಹುಡುಕಿತು. ಬಾವಿಗಳಿಗೆ ಪಾತಾಳಗರಡಿಯ ಕೊಕ್ಕೆ ಬಿಟ್ಟರು. ಅಗರದ ಕಡೆಯ ಹೊಲಗಳಲ್ಲಿ, ಸುವರ್ಣಾವತಿ ಹೊಳೆಯ ಮಡುಗಳಲ್ಲಿ ನೋಡಿದರು. ಮಕ್ಕಳನ್ನು ಹಿಡಿದು ಹನೂರಿನ ಆಚೆಯ ಕಾಡಿಗೆ ಒಯ್ಯುವವರಿದ್ದಾರೆಂದು ಯಾರೋ ಅಂದರು. ಪುಟ್ಟಬಸಪ್ಪ ನಾಲ್ಕಾಳು ಕಟ್ಟಿಕೊಂಡು ಆ ದಿಕ್ಕಿಗೆ ಹೊರಟುಬಿಟ್ಟ. ಹೋಗುವಾಗ ಹೆಂಡತಿಯ ಮುಖವನ್ನು ನೋಡಲಿಲ್ಲ. ಅವನು ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬೈಯುವ ಕೆಲಸವನ್ನು ಅತ್ತೆ ಮಾಡಿದಳು. "ನಿನ್ ಕಣ್ಮುಂದೆ ಇದ್ದ ಕೂಸು ಎಲ್ಲಿಗೆ ಓಯ್ತು? ಒದ್ದೆ ಎಜ್ಜೆಯಂತೆ, ಉಳ ತಲೆ ಎತ್ತುದ್ವಂತೆ. ಈ ಕತೆ ಯಾರಿಗ್ ಯೇಳ್ತೀಯೆ?"

ಜಗಲಿಯಲ್ಲಿ ಸೇರಿದ್ದ ಹೆಂಗಸರು ಮಾತು ನಿಲ್ಲಿಸಿ ಶಿವರತ್ನಮ್ಮನನ್ನು ನೋಡಿದರು. ಅವರ ನೋಟದ ಅರ್ಥ ಅವಳಿಗೆ ತಿಳಿಯಿತು. ಮಲತಾಯಿ ಏನೋ ಮಾಡಿಬಿಟ್ಟಿದ್ದಾಳೆ.

ಹೊತ್ತು ಇಳಿಯುವಾಗ ನಾಗಯ್ಯನ ಗಾಡಿ ಊರಿಗೆ ಬಂತು. ಅವನು ಕೊಳ್ಳೇಗಾಲಕ್ಕೆ ಹುಲ್ಲು ಹೊಡೆದು ಬರುವ ಮುದುಕ, ಕಡಿಮೆ ಮಾತಿನವನು. ಗುಂಪು ಕಂಡು ವಿಚಾರಿಸಿ, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ.

"ಪೊರಕೆ ಮಾರವ್ಳು ಒಬ್ಳು ಕೊಳ್ಳೇಗಾಲದ ದಾರೀಲಿ ಎದುರಾದ್ಲು," ಎಂದ. "ಕೂಸುಗಳ್ನ ಕರ್ಕಂಡು ಓಯ್ತಿದ್ಲು. ಅವ್ಳವೇ ಇರಬೇಕು ಅಂದ್ಕಂಡೆ."

"ಕೂಸುಗಳಾ?" ಎಂದಳು ಶಿವರತ್ನಮ್ಮ. "ಎಷ್ಟಿದ್ವು?"

"ಎರಡು ಕಣವ್ವ. ಒಂದು ನಮ್ ಚಿಕ್ಕತಾಯಿ ಅಂಗೇ ಇತ್ತು, ಈಗ ನೆನಸ್ಕಂಡ್ರೆ. ಇನ್ನೊಂದು ನೆಂದು ತೊಪ್ಪೆಯಾಗಿತ್ತು. ಇಂಥ ಬಿಸಿಲಲ್ಲಿ ಎಲ್ಲಿ ನೆಂದದೋ ಅಂತ ನಾನು ತಿರುಗಿ ನೋಡ್ದೆ." "ತಿರುಗಿ ನೋಡ್ದಾಗ ಒಂದೇ ಇತ್ತು. ಎತ್ತು ಎರಡೂ ಮುಂದಕ್ಕೆ ಎಜ್ಜೆ ಇಡ್ದೆ ನಿಂತ್ಬುಟ್ಟಿದ್ವು."

ಯಳಂದೂರಿನಿಂದ ಬಂದಿದ್ದ ಪೊಲೀಸ್ ದಫೇದಾರ ಇದನ್ನೆಲ್ಲ ಕೇಳಿಸಿಕೊಂಡ. ಒಳ್ಳೆಯ ಮನುಷ್ಯನೇ. "ನೋಡಿ ತಾಯಿ, ಕೊಳ್ಳೇಗಾಲ ಮದ್ರಾಸ್ ಸರ್ಕಾರದ್ದು, ಕೊಯಮತ್ತೂರು ಜಿಲ್ಲೆ. ನಾವು ಮೈಸೂರಿನವರು ಅಲ್ಲಿ ಕೈ ಹಾಕೋ ಹಂಗಿಲ್ಲ. ಬರೆದು ಕಳಿಸ್ತೀನಿ, ಅವರು ಹುಡುಕ್ತಾರೆ," ಎಂದ.

"ಅಷ್ಟರಲ್ಲಿ ಕೂಸು?" ಎಂದಳು ಶಿವರತ್ನಮ್ಮ. ದಫೇದಾರ ಪುಸ್ತಕ ತೆಗೆದು ಕೂಸಿನ ಹೆಸರು ಬರೆದುಕೊಳ್ಳತೊಡಗಿದ.

ಬೆಳಕು ಹರಿಯುವ ಹೊತ್ತಿಗೆ ಅವಳು ನಾಗಯ್ಯನ ಗಾಡಿಯಲ್ಲಿ ಕೂತಿದ್ದಳು. ಅತ್ತೆಯನ್ನು ಕೇಳಲಿಲ್ಲ. ಗಡಿಯ ಕಲ್ಲು ದಾಟುವಾಗ ಅವಳು ಒಮ್ಮೆ ತಿರುಗಿ ಊರಿನ ಕಡೆ ನೋಡಿದಳು. ಗಂಡನ ಜೊತೆಯಿಲ್ಲದೆ ಅವಳು ಊರು ಬಿಟ್ಟದ್ದು ಅದೇ ಮೊದಲು.

ಕೊಳ್ಳೇಗಾಲದಲ್ಲಿ ಬಸ್ಸು ನಿಲ್ಲುವ ಕಡೆ ಪೊರಕೆಯವಳನ್ನು ವಿಚಾರಿಸಿದರು. ಸತ್ತೇಗಾಲಕ್ಕೆ ಹೋಗುವ, ಪೆಟ್ರೋಲು ಸಿಗದ ಆ ದಿನಗಳ ಇದ್ದಿಲಿನ ಬಸ್ಸು ಹೊಗೆ ಕಾರುತ್ತ ನಿಂತಿತ್ತು. ಅದರ ಕಂಡಕ್ಟರಿಗೆ ತಕ್ಷಣ ಗೊತ್ತಾಯಿತು.

"ಚೆಲುವಮ್ಮ. ಸತ್ತೇಗಾಲದವ್ಳು. ವಾರ ವಾರವೂ ಈ ಬಸ್ಸಲ್ಲೇ ಬತ್ತಾಳೆ ಅಮ್ಮಾ," ಎಂದ. ದನಿ ತಗ್ಗಿಸಿದ. "ಅವ್ಳ ಪಕ್ಕದ ಸೀಟ್ನಲ್ಲಿ ಯಾರ್ನೂ ಕೂರಕ್ಕೆ ಬುಡಲ್ಲ. ಕೂಸು ಕೂತದೆ ಅಂತಾಳೆ. ಅಲ್ಲಿ ಯಾವ ಕೂಸೂ ಇರಲ್ಲ. ಆದ್ರೆ ಅವ್ಳು ಇಳಿದ ಮ್ಯಾಲೆ ಆ ಸೀಟು ಒದ್ದೆ ಆಗಿರ್ತದೆ. ನಾನೇ ಒರಸ್ತೀನಿ. ಒಂಥರಾ ಪಾಚಿ ವಾಸನೆ."

"ನಿನ್ನೆ ಬಂದಿದ್ಲಾ?"

"ಬಂದಿದ್ಲು. ನಿನ್ನೆ ನಿಜವಾಗ್ಲೂ ಒಂದು ಕೂಸಿತ್ತು, ಎಡಗಡೆ. ಬಲಗಡೆ ಮಾಮೂಲಿನಂಗೇ ಖಾಲಿ. ಆ ಕೂಸು ಖಾಲಿ ಕಡೆ ನೋಡ್ಕಂಡು ನಗ್ತಾ ಇತ್ತು."

ಚಿಕ್ಕತಾಯಿ ನಕ್ಕದ್ದನ್ನು ಶಿವರತ್ನಮ್ಮ ಕಂಡದ್ದೇ ಅಪರೂಪ.

ನಾಗಯ್ಯ ಎತ್ತುಗಳನ್ನು ಗುರುತಿನವರ ಮನೆಯಲ್ಲಿ ಕಟ್ಟಿ ಅವಳ ಜೊತೆ ಬಸ್ಸು ಹತ್ತಿದ. ಬಸ್ಸು ದಿಬ್ಬ ಸಿಕ್ಕಾಗಲೆಲ್ಲ ಏದುಸಿರು ಬಿಡುತ್ತಿತ್ತು. ಇಳಿದು ತಳ್ಳಿ ಮತ್ತೆ ಹತ್ತಿ ಹೋಗುವುದರಲ್ಲಿ ಬಿಸಿಲು ಏರಿತು. ಸತ್ತೇಗಾಲದಲ್ಲಿ ಇಳಿದಾಗ ನೆರಳು ಕಾಲ ಬುಡಕ್ಕೆ ಬಂದಿತ್ತು.

ಅರಳಿಕಟ್ಟೆಯಲ್ಲಿ ಕೂತಿದ್ದ ಮುದುಕಿ ಚಾಮುಂಡಮ್ಮ ಚೆಲುವಮ್ಮನ ಹೆಸರು ಕೇಳಿದವಳೇ ಸೆರಗು ಬಾಯಿಗೆ ಒತ್ತಿಕೊಂಡಳು.

"ಅವ್ಳ ಮಗಳು ಪುಟ್ಟಗೌರಿ ಒಳೆ ನೀರಲ್ಲಿ ಕೊಚ್ಕಂಡು ಓಯ್ತು ಕಣವ್ವ, ಮೂರು ವರ್ಸ ಆಯ್ತು. ಕೂಸ್ನ ಬಂಡೆ ಮ್ಯಾಲೆ ಕೂರ್ಸಿ, ಇಲ್ಲೇ ಇರು, ಬತ್ತೀನಿ ಅಂತ ಯೇಳಿ ಗರಿ ತರಕ್ಕೆ ತೋಟಕ್ಕೆ ಓದ್ಲು. ಮ್ಯಾಲೆ ಎಲ್ಲೋ ಮಳೆ ಆಗಿತ್ತು, ಒಳೆ ದಿಢೀರ್ ಅಂತ ಏರ್ತು. ಆ ಕೂಸು ಅವ್ವ ಯೇಳವ್ಳೆ ಅಂತ ಬಂಡೆ ಬುಟ್ಟು ಏಳ್ಲೇ ಇಲ್ವಂತೆ. ಆಚೆ ದಡದವ್ರು ಕಂಡ್ರು." ಅವಳು ಸುತ್ತ ನೋಡಿದಳು. "ಆಮೇಲಿಂದ ಅದು ಉರಿ ಮಧ್ಯಾಹ್ನದಲ್ಲಿ ಮನೆಗೆ ಬತ್ತದೆ. ಅವ್ಳಿಗೆ ಮಾತ್ರ ಅಲ್ಲ, ನಮಗೂ ಕಂಡದೆ. ಆ ಕಡೆ ಈ ಒತ್ತಲ್ಲಿ ಯಾರೂ ಓಗಲ್ಲ. ನೀನೂ ಓಗ್‌ಬ್ಯಾಡ. ಒತ್ತು ಇಳೀಲಿ."

"ಇಳಿಯೋಗಂಟ ಕಾಯಕ್ಕಾಗಲ್ಲ," ಎಂದಳು ಶಿವರತ್ನಮ್ಮ.

ನಾಗಯ್ಯ ಪಟೇಲರನ್ನು ಕರೆತರುತ್ತೇನೆಂದು ಊರೊಳಗೆ ಹೋದ. ಅವನು ಬರುವವರೆಗೆ ಕಬ್ಬಿನ ಗದ್ದೆಯ ಅಂಚಿನಲ್ಲಿ ನಿಂತಿರುವಂತೆ ಹೇಳಿದ್ದ. ಅವಳು ನಿಂತಳು. ಗದ್ದೆಯ ಆಚೆ ತೆಂಗಿನ ತೋಪು, ತೋಪಿನಲ್ಲಿ ಒಂದು ಗುಡಿಸಲು. ಗಾಳಿಯಿಲ್ಲ, ಹಕ್ಕಿಯ ಸದ್ದಿಲ್ಲ. ಅಷ್ಟರಲ್ಲಿ ಗುಡಿಸಲಿನ ಕಡೆಯಿಂದ ಒಂದು ಕೂಸು ಕೆಮ್ಮಿತು. ಚಿಕ್ಕತಾಯಿಯ ಕೆಮ್ಮು. ಶಿವರತ್ನಮ್ಮ ಆಮೇಲೆ ನಿಲ್ಲಲಾಗದೆ ಕಬ್ಬಿನ ಸಾಲು ಹಿಡಿದು ಗುಡಿಸಲಿಗೆ ನಡೆದಳು.

ಚೆಲುವಮ್ಮ ಹೊಸಲಿನ ಮೇಲೆ ಕೂತು ಕಡ್ಡಿ ಸೀಳುತ್ತಿದ್ದಳು. ಇವಳನ್ನು ಕಂಡು ಬೆಚ್ಚಲಿಲ್ಲ, ಏಳಲಿಲ್ಲ. ರಾತ್ರಿಯಿಡೀ ಅತ್ತವಳ ಹಾಗೆ ಕಣ್ಣು ಬಾತಿತ್ತು.

"ಮೆಲ್ಲಗೆ ಮಾತಾಡವ್ವ," ಎಂದಳು. "ಆಡ್ತಾವ್ರೆ."

"ನನ್ ಕೂಸ್ನ ಕೊಡು."

"ಕೊಡ್ತೀನಿ ಅಂದ್ರೂ ನನ್ ಕೈಲಿಲ್ಲ." ಚೆಲುವಮ್ಮ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟಳು. "ಗೌರಿ ದಿನಾ ಬಂದು ಯಾರ್ ಜೊತೆ ಆಡ್ಲಿ, ಯಾರ್ ಜೊತೆ ಆಡ್ಲಿ ಅಂತ ಕೇಳ್ತಿತ್ತು. ನಾನು ಓದ್ ಕಡೆಗೆಲ್ಲ ಬತ್ತಿತ್ತು. ತಾಯಿಲ್ಲದ ಕೂಸಾದ್ರೆ ಯಾರ್ ಒಟ್ಟೆನೂ ಉರಿಯಲ್ಲ ಅಂದ್ಕಂಡೆ. ಮನೇಲಿ ಆಡ್ಕಳ್ಲಿ, ನಾನು ಸಾಕ್ತೀನಿ ಅಂದ್ಕಂಡೆ. ಅದು ಒಳೆಗೆ ಕರ್ಕಂಡು ಓಯ್ತದೆ ಅಂತ ನಂಗೊತ್ತಿರ್ಲಿಲ್ಲ ಕಣವ್ವ. ನಿನ್ನೆ ಬೆಚ್ಚಗಿತ್ತು ನಿನ್ ಕೂಸು. ರಾತ್ರಿಯಿಂದ ತಣ್ಣಗೆ ಆಯ್ತಾ ಅದೆ. ಒದ್ದೆ ಆಯ್ತಾ ಅದೆ. ಎಷ್ಟು ಒರಸುದ್ರೂ ಆರಲ್ಲ."

ಶಿವರತ್ನಮ್ಮ ಅವಳನ್ನು ದಾಟಿ ಒಳಗೆ ಕಾಲಿಟ್ಟಳು. ಹೊರಗಿನ ಬಿಸಿಲಿನಿಂದ ಬಂದವಳಿಗೆ ಮೊದಲು ಏನೂ ಕಾಣಲಿಲ್ಲ. ಚಳಿ ಮಾತ್ರ ತಾಗಿತು, ಬಾವಿಯೊಳಗೆ ಇಳಿದಂಥ ಚಳಿ. ಪಾಚಿಯ ವಾಸನೆ. ಕಲ್ಲುಗಳು ಚಟ್ ಚಟ್ ಎನ್ನುವ ಸದ್ದು.

ಕಣ್ಣು ಕತ್ತಲಿಗೆ ಹೊಂದಿದಾಗ ಚಿಕ್ಕತಾಯಿ ಕಂಡಳು. ನೆಲದ ಮೇಲೆ ಕೂತು ಕಲ್ಲಾಟ ಆಡುತ್ತಿದ್ದಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತುಟಿ ನೀಲಿಗಟ್ಟಿತ್ತು. ಅವಳು ಒಂದು ಕಲ್ಲು ಮೇಲಕ್ಕೆ ಎಸೆದು ಹಿಡಿದು, ಕಲ್ಲುಗಳನ್ನು ಎದುರಿಗೆ ತಳ್ಳಿದಳು. ಎದುರಿಗೆ ಯಾರೂ ಇರಲಿಲ್ಲ. ನೆಲದ ಮೇಲೆ ಒದ್ದೆಯ ಒಂದು ದುಂಡನೆಯ ಗುರುತಿತ್ತು, ಅಷ್ಟೇ. ಆ ಗುರುತಿನ ಮೇಲಿಂದ ಕಲ್ಲೊಂದು ತಾನಾಗಿ ಮೇಲಕ್ಕೆ ಹಾರಿ, ನಿಧಾನವಾಗಿ, ನೀರಿನೊಳಗೆ ಮುಳುಗುವ ಕಲ್ಲಿನಷ್ಟು ನಿಧಾನವಾಗಿ, ಕೆಳಗಿಳಿಯಿತು.

"ಚಿಕ್ಕತಾಯಿ," ಎಂದಳು ಶಿವರತ್ನಮ್ಮ. "ಏಳವ್ವ. ಓಗುಮ."

"ಆಟ ಮುಗ್ದಿಲ್ಲ ಚಿಕ್ಕವ್ವ."

ಶಿವರತ್ನಮ್ಮ ಬಾಗಿ ಕೂಸಿನ ಕೈ ಹಿಡಿದಳು. ಬೆರಳ ತುದಿಗಳು ಬೆಳಗಿನಿಂದ ನೀರಲ್ಲೇ ಇದ್ದವರ ಹಾಗೆ ಸುಕ್ಕುಗಟ್ಟಿದ್ದವು. ಆ ಬೆರಳುಗಳ ಪಕ್ಕದಲ್ಲೇ ಇನ್ನೊಂದು ಕೈ ಇತ್ತು. ಈ ಗಳಿಗೆಯವರೆಗೆ ಇರಲಿಲ್ಲ, ಈಗ ಇತ್ತು. ಬಿಳಿಚಿದ, ಉಬ್ಬಿದ ಪುಟ್ಟ ಕೈ ಚಿಕ್ಕತಾಯಿಯ ಮಣಿಕಟ್ಟನ್ನು ಹಿಡಿದಿತ್ತು. ಶಿವರತ್ನಮ್ಮ ಕಣ್ಣೆತ್ತಿ ನೋಡಿದಳು. ಎಂಟು ವರ್ಷದ ಹುಡುಗಿ. ಮುಖಕ್ಕೆಲ್ಲ ಒದ್ದೆ ಕೂದಲು ಅಂಟಿತ್ತು. ಕೂದಲಿನ ಸಂದಿಯಲ್ಲಿ ಒಂದೇ ಒಂದು ಕಣ್ಣು ಕಾಣುತ್ತಿತ್ತು. ಅದು ಮಿಟುಕಲಿಲ್ಲ.

"ಇವ್ಳಿಗೆ ಅವ್ವ ಇಲ್ಲ," ಎಂದಿತು ಆ ಹುಡುಗಿ. ಬಾಯಿ ತುಂಬ ನೀರಿಟ್ಟುಕೊಂಡು ಮಾತಾಡಿದ ಹಾಗಿತ್ತು. "ನಾನು ಕೇಳ್ದೆ. ಇಲ್ಲ ಅಂದ್ಲು. ನಂಗೂ ಇಲ್ಲ. ಬತ್ತೀನಿ ಅಂದ್ಲು, ಬರ್ಲಿಲ್ಲ."

ತಾನು ಏನು ಮಾಡಿದೆನೆಂದು ಶಿವರತ್ನಮ್ಮನಿಗೆ ಆಮೇಲೆ ಸರಿಯಾಗಿ ನೆನಪಿರಲಿಲ್ಲ. ಕೂಸನ್ನು ಎಳೆದು ಎದೆಗೆ ಹಾಕಿಕೊಂಡದ್ದು, ಕಲ್ಲುಗಳು ಗೋಡೆಗೆ ಬಡಿದದ್ದು, ಚೆಲುವಮ್ಮ ಹೊಸಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟದ್ದು, ಇಷ್ಟು ಮಾತ್ರ ನೆನಪು. ಕಬ್ಬಿನ ಗದ್ದೆ ದಾಟಿದರೆ ಊರು. ಅವಳು ಕಬ್ಬಿನೊಳಗೆ ನುಗ್ಗಿದಳು. ಆಳೆತ್ತರದ ಕಬ್ಬು. ಗರಿ ಮುಖ ಮೈಯೆಲ್ಲ ಕೊಯ್ಯುತ್ತಿತ್ತು. ಆರು ವರ್ಷದ ಕೂಸು ತುಂಬಿದ ಕೊಡದಷ್ಟು ಭಾರವಾಗಿತ್ತು. ಅದರ ಮೈಯಿಂದ ಇಳಿಯುವ ನೀರು ಅವಳ ಸೀರೆಯನ್ನೆಲ್ಲ ತೋಯಿಸಿತು.

ಪಕ್ಕದ ಸಾಲಿನಲ್ಲಿ ಹೆಜ್ಜೆ ಸದ್ದು ಬಂತು. ಪಚ್, ಪಚ್. ಅವಳು ಓಡಿದರೆ ಓಡುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ಬರುವಾಗ ಒಣಗಿ ಬಿರುಕು ಬಿಟ್ಟಿದ್ದ ಸಾಲಿನಲ್ಲಿ ಈಗ ನೀರಿತ್ತು. ಮೊದಲು ಹಿಮ್ಮಡಿಗೆ, ಆಮೇಲೆ ಮೀನಖಂಡಕ್ಕೆ. ಊರಿನ ದಿಕ್ಕು ಇದೇ ಎಂದುಕೊಂಡು ಅವಳು ಕಬ್ಬು ಸೀಳುತ್ತ ಹೋದಳು. ಶಿವನ ಹೆಸರು ಹೇಳಲು ಹೋದರೆ ಹಲ್ಲು ಕಟಕಟ ಎನ್ನುತ್ತಿತ್ತು. ಕೊನೆಗೆ ಕಬ್ಬು ಮುಗಿದು ಬೆಳಕು ಬಿತ್ತು. ಎದುರಿಗೆ ಇದ್ದದ್ದು ಊರಲ್ಲ. ಕಾವೇರಿ.

ಅವಳು ಆಗಲೇ ಮೊಣಕಾಲುದ್ದ ನೀರಲ್ಲಿ ನಿಂತಿದ್ದಳು. ಹಿಂದಕ್ಕೆ ತಿರುಗಬೇಕೆಂದು ಕಾಲೆತ್ತಿದರೆ ಮರಳು ಕಾಲನ್ನು ಬಿಡಲಿಲ್ಲ. ಮುಂದೆ, ನೀರಿನ ನಡುವೆ ಒಂದು ಚಪ್ಪಟೆ ಬಂಡೆಯಿತ್ತು. ಪುಟ್ಟಗೌರಿ ಅದರ ಮೇಲೆ ಮಂಡಿ ಮಡಿಸಿ ಕೂತು ಕೈ ಚಾಚಿದ್ದಳು.

ಚಿಕ್ಕತಾಯಿ ಶಿವರತ್ನಮ್ಮನ ತೋಳಿನಲ್ಲಿ ಮಿಸುಕಿದಳು. "ಬುಡು ಚಿಕ್ಕವ್ವ. ಕರೀತಾವ್ಳೆ."

"ಬುಡಲ್ಲ."

"ಒಬ್ಳೇ ಕೂತವ್ಳೆ. ಪಾಪ."

ಕೂಸು ಕೈಯಿಂದ ಜಾರುತ್ತಿತ್ತು. ಒದ್ದೆ ಮೈ ಮೀನಿನ ಹಾಗೆ ಜಾರುತ್ತಿತ್ತು. ಹೆಜ್ಜೆ ಇಡದೆಯೇ ನೀರು ಅವಳ ಸೊಂಟಕ್ಕೆ ಬಂದಿತ್ತು. ಶಿವರತ್ನಮ್ಮ ಕೂಸಿನ ಜಡೆಯನ್ನು ತನ್ನ ಮುಂಗೈಗೆ ಸುತ್ತಿಕೊಂಡಳು. ಕೂಸಿಗೆ ನೋವಾಗಿ ಅಳು ಬಂತು. ಆ ಅಳುವೇ ಶಿವರತ್ನಮ್ಮನಿಗೆ ಒಂದಿಷ್ಟು ಜೀವ ತಂದಿತು. ಅಳುವ ಕೂಸು ಇನ್ನೂ ಬದುಕಿರುವ ಕೂಸು.

"ಇವ್ಳು ನನ್ ಒಟ್ಟೇಲಿ ಉಟ್ಟಿದ್ದಲ್ಲ," ಎಂದಳು ಬಂಡೆಯ ಕಡೆಗೆ. "ಇವ್ಳು ನನ್ನ ಅವ್ವ ಅನ್ನಲ್ಲ. ಅನ್ನದೇ ಓದ್ರೆ ಬ್ಯಾಡ. ಆದ್ರೆ ನಾನು ಬುಡಲ್ಲ. ಕರ್ಕಂಡ್ರೆ ಇಬ್ರನ್ನೂ ಕರ್ಕಬೇಕು ನೀನು."

ಬಂಡೆಯ ಮೇಲಿನ ಹುಡುಗಿ ತಲೆ ವಾಲಿಸಿ ನೋಡಿತು. "ಆಗ್ಲಿ," ಎಂದಿತು.

ನೀರು ಎದೆಗೆ ಬಂತು. ಶಿವರತ್ನಮ್ಮ ಕೂಸನ್ನು ಹೆಗಲ ಮೇಲಕ್ಕೆ ಎತ್ತಿ ಹಿಡಿದಳು. ಇನ್ನು ಮುಗಿಯಿತು ಎಂದುಕೊಂಡಳು. ಕಾಲ ಕೆಳಗಿನ ಮರಳು ಕುಸಿಯುತ್ತಿತ್ತು.

ಹಿಂದೆ ಯಾರೋ ನೀರು ತುಳಿದುಕೊಂಡು ಬರುವ ಸದ್ದಾಯಿತು. ಚೆಲುವಮ್ಮ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಹೊಳೆ ದಾಟಿ ಕೆಲಸಕ್ಕೆ ಹೋಗುವವಳ ಹಾಗೆ.

"ಗೌರಿ," ಎಂದು ಕರೆದಳು. "ಸಾಕು ಬುಡವ್ವ. ಆ ಕೂಸ್ನ ಬುಡು."

"ನೀನು ಬತ್ತೀನಿ ಅಂದೆ," ಎಂದಿತು ಹುಡುಗಿ. "ಇಲ್ಲೇ ಇರು ಅಂದೆ. ನಾನು ಇಲ್ಲೇ ಇವ್ನಿ."

"ಊಂ ಕಣವ್ವ. ತಡ ಮಾಡ್ಬುಟ್ಟೆ."

ಮೂರು ವರ್ಷ ಅವಳಿಗೆ ಬಂಡೆಯ ಹತ್ತಿರ ಬರುವ ಧೈರ್ಯವಿರಲಿಲ್ಲವೆಂದು ಊರವರು ಆಮೇಲೆ ಹೇಳಿದರು. ಹೊಳೆಯ ನೀರನ್ನೇ ಮುಟ್ಟುತ್ತಿರಲಿಲ್ಲವಂತೆ, ಕುಡಿಯುವುದಕ್ಕೂ ಬಾವಿಯಿಂದ ತರುತ್ತಿದ್ದಳಂತೆ. ಈಗ ಅವಳು ನಿಲ್ಲದೆ ನಡೆದಳು. ಶಿವರತ್ನಮ್ಮನನ್ನು ದಾಟುವಾಗ ಶಿವರತ್ನಮ್ಮ ಒಂದು ಕೈ ಬಿಡಿಸಿ ಅವಳ ತೋಳು ಹಿಡಿದಳು.

"ಬ್ಯಾಡ ಕಣಕ್ಕ. ಜನ ಬತ್ತಾವ್ರೆ. ಬಾ, ದಡಕ್ಕೆ ಓಗುಮ."

ಚೆಲುವಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಒರಟಾಗಿ ಅಲ್ಲ. "ಎರಡು ಕೈಲೂ ಇಡ್ಕ ನಿನ್ ಕೂಸ್ನ," ಎಂದಳು. "ಒಂದ್ ಕೈ ಸಾಲ್ದು."

ಅವಳು ಬಂಡೆ ಮುಟ್ಟಿದಳು. ಹುಡುಗಿ ಬಂಡೆಯಿಂದ ಜಾರಿ ಅವಳ ಕೊರಳಿಗೆ ಜೋತುಬಿತ್ತು. ಒದ್ದೆ ಕೂದಲಿನ ಆ ಮುಖ ತಾಯಿಯ ಹೆಗಲಿನಲ್ಲಿ ಹುದುಗಿತು. ಶಿವರತ್ನಮ್ಮನಿಗೆ ಅಷ್ಟೇ ಕಂಡದ್ದು. ಮರುಗಳಿಗೆ ಬಂಡೆಯ ಮೇಲೂ ಅದರ ಸುತ್ತಲೂ ಯಾರೂ ಇರಲಿಲ್ಲ. ನೀರು ಸುಳಿ ಸುತ್ತಿ ಸಮನಾಯಿತು. ಅವಳ ಕಾಲನ್ನು ಮರಳು ಬಿಟ್ಟಿತು. ನೋಡಿದರೆ ಅವಳು ನಿಂತಿದ್ದದ್ದು ಮೊಣಕಾಲುದ್ದ ನೀರಿನಲ್ಲಿ.

ನಾಗಯ್ಯ, ಪಟೇಲ ವೃಷಭೇಂದ್ರಪ್ಪ, ನಾಲ್ಕಾರು ಜನ ಕಬ್ಬು ಸೀಳಿಕೊಂಡು ಬಂದಾಗ ಶಿವರತ್ನಮ್ಮ ದಡದ ಮರಳಿನಲ್ಲಿ ಕೂಸನ್ನು ತಬ್ಬಿಕೊಂಡು ಕೂತಿದ್ದಳು. ಅವಳ ತೋಳು ಬಿಡಿಸಲು ಇಬ್ಬರು ಬೇಕಾಯಿತು. ಚಿಕ್ಕತಾಯಿ ನಡುಗುತ್ತಿದ್ದಳು, ಆದರೆ ಮೈ ಬಿಸಿಯಾಗತೊಡಗಿತ್ತು. ಪಟೇಲರು ತಮ್ಮ ಶಲ್ಯ ಹೊದಿಸಿದರು. ಸ್ವಲ್ಪ ಹೊತ್ತಿಗೆ ಅದು ಆರಿ, ಮತ್ತೆ ಒದ್ದೆಯಾಗದೆ ಉಳಿದದ್ದನ್ನು ಶಿವರತ್ನಮ್ಮ ಮುಟ್ಟಿ ಮುಟ್ಟಿ ನೋಡಿದಳು.

ಚೆಲುವಮ್ಮನ ಹೆಣ ಕೆಳಗಿನ ಮಡುವಿನಲ್ಲಿ ಸಿಕ್ಕಿತು. ಕೂಸು ಕದ್ದವಳು ಸಿಕ್ಕಿಬೀಳುವ ಭಯಕ್ಕೆ ಹೊಳೆಗೆ ಹಾರಿದಳೆಂದು ಪೊಲೀಸರು ಬರೆದುಕೊಂಡರು. ಹೆಣ ಎತ್ತಿದ ಬೆಸ್ತರು ಮಾತ್ರ, ಅವಳ ಎರಡೂ ತೋಳುಗಳು ಏನನ್ನೋ ಅಪ್ಪಿಕೊಂಡಂತೆ ಬಿಗಿದಿದ್ದವು, ಬಿಡಿಸಲು ಆಗಲಿಲ್ಲ, ಹಾಗೇ ಮಣ್ಣು ಮಾಡಬೇಕಾಯಿತು ಎಂದರು. ಪಟೇಲರು ಗುಡಿಸಲನ್ನು ಕೀಳಿಸಿದರು. ಆಮೇಲೆ ಆ ತೋಪಿನಲ್ಲಿ ಮಧ್ಯಾಹ್ನದ ಹೊತ್ತು ಯಾರಿಗೂ ಏನೂ ಕಾಣಲಿಲ್ಲವೆಂದು ಚಾಮುಂಡಮ್ಮ ಬಸ್ಸಿನವರ ಕೈಯಲ್ಲಿ ಹೇಳಿಕಳಿಸಿದಳು.

ಮಾಂಬಳ್ಳಿಗೆ ಬಂದ ದಿನ ಗುರುಬಸಮ್ಮ ಬಾಗಿಲಿನಲ್ಲೇ ಮೊಮ್ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಕೂಸು ಶಿವರತ್ನಮ್ಮನ ಕೊರಳು ಬಿಡಲಿಲ್ಲ. ಮುದುಕಿ ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಒಳೀಕ್ ಬನ್ನಿ, ಇಬ್ರೂ ಮೊದ್ಲು ಬಿಸಿ ಬಿಸಿ ಉಣ್ಣಿ," ಎಂದಳು. ಅವಳ ಬಾಯಲ್ಲಿ ತಪ್ಪಾಯಿತೆಂಬ ಮಾತು ಅಷ್ಟರ ಮಟ್ಟಿಗೆ ಬಂತು. ಪುಟ್ಟಬಸಪ್ಪ ಹನೂರಿನ ಕಡೆಯಿಂದ ಕಾಲು ಒಡೆದುಕೊಂಡು ಬರಿಗೈಯಲ್ಲಿ ಬಂದವನು, ಮಲಗಿದ್ದ ಮಗಳನ್ನೂ ಅವಳ ಪಕ್ಕ ಕೂತಿದ್ದ ಹೆಂಡತಿಯ ಕಬ್ಬಿನ ಗರಿ ಗೀರಿದ ಮುಖವನ್ನೂ ನೋಡಿ ಹೊರಗೆ ಹೋಗಿ ಅತ್ತ.

ಚಿಕ್ಕತಾಯಿ ಜ್ವರ ಬಂದು ಬಹಳ ದಿನ ಮಲಗಿದಳು. ಇಳಿದ ಮೇಲೆ ಮೊದಲಿನಂತಾದಳು. ಸತ್ತೇಗಾಲದ ಮಾತು ಎತ್ತುತ್ತಿರಲಿಲ್ಲ. ಮರೆತಿದ್ದಾಳೆಂದೇ ಎಲ್ಲರೂ ತಿಳಿದಿದ್ದರು. ಶಿವರತ್ನಮ್ಮ ಮಾತ್ರ ಮರೆಯಲಿಲ್ಲ. ನೆಲದಲ್ಲಿ ಎಲ್ಲಾದರೂ ನೀರು ಚೆಲ್ಲಿದ್ದರೆ ಅದು ಪೂರಾ ಆರುವವರೆಗೆ ಒರೆಸುತ್ತಿದ್ದಳು. ಉರಿ ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ ಕೂಸನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದಳು.

ಒಂದು ದಿನ ಹಾಗೆ ತಲೆ ಬಾಚಿಸಿಕೊಳ್ಳುತ್ತಿದ್ದ ಚಿಕ್ಕತಾಯಿ ಇದ್ದಕ್ಕಿದ್ದಂತೆ ಕೇಳಿದಳು: "ಚಿಕ್ಕವ್ವ, ಆ ಉಡುಗಿ ಈಗ ಎಲ್ಲವ್ಳೆ?"

ಶಿವರತ್ನಮ್ಮನ ಕೈಯಲ್ಲಿ ಬಾಚಣಿಗೆ ನಿಂತಿತು. "ಅವ್ಳ ಅವ್ವನ್ ತಾವ ಅವ್ಳೆ," ಎಂದಳು.

"ಅಂಗಾರೆ ಸರಿ," ಎಂದಿತು ಕೂಸು. ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿತು. ಶಿವರತ್ನಮ್ಮ ಅದರ ಕೂದಲನ್ನು ಬುಡದಿಂದ ತುದಿಯವರೆಗೆ ಮತ್ತೊಮ್ಮೆ ಮುಟ್ಟಿ ನೋಡಿ, ಒಣಗಿರುವುದನ್ನು ಖಾತ್ರಿ ಮಾಡಿಕೊಂಡು, ಜಡೆ ಹೆಣೆಯತೊಡಗಿದಳು.